ಗುರುವಾರದ ಅಳತೆ

ಎತ್ತರ ಜಿಗಿತದಲ್ಲಿ ದೇಶಕ್ಕೆ ಪದಕ ತಂದವಳು ಅವಳು. ಬಸ್ಸುಗಳ ಬೆನ್ನ ಮೇಲೆ, ಹಾಲಿನ ಪೊಟ್ಟಣಗಳ ಮೇಲೆ, ಶಾಲೆಯ ಗೋಡೆಗಳ ಮೇಲೆ ಅವಳದೇ ಚಿತ್ರ. ಅಡ್ಡಕೋಲಿನ ಮೇಲೆ ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ಆಕಾಶ ನೋಡುತ್ತ ತೇಲುತ್ತಿರುವ ಉದ್ದ ಕಾಲುಗಳ ಹೆಂಗಸು. ಆದರೆ ಒಂದು ವರ್ಷದಿಂದ ಜನ ಅವಳನ್ನು ಕರೆಯುತ್ತಿದ್ದುದು ಹಾರುವುದಕ್ಕಿಂತ ಹೆಚ್ಚಾಗಿ ಮಾತಾಡುವುದಕ್ಕೆ.

ಅವಳು ಬೆಳೆದದ್ದು ಸಾಕುಮನೆಗಳಲ್ಲಿ. ಹೆತ್ತವರು ನೋಡಿಕೊಳ್ಳಲಾಗದ ಮಕ್ಕಳನ್ನು ಮಕ್ಕಳ ಕಲ್ಯಾಣ ಇಲಾಖೆಯವರು ಯಾರದಾದರೂ ಮನೆಯಲ್ಲಿ ಒಂದಷ್ಟು ಕಾಲ ಇರಿಸುತ್ತಾರಲ್ಲ, ಅಂಥ ಮನೆಗಳು. ಆ ಮನೆಯವರು ಕೆಟ್ಟವರೆಂದಲ್ಲ. ತಮ್ಮ ಮಕ್ಕಳ ತಟ್ಟೆಯಿಂದ ತೆಗೆದು ಬಡಿಸಿದವರೂ ಅವರಲ್ಲಿದ್ದರು. ಆದರೆ ಇಲಾಖೆಯಿಂದ ಕಾಗದ ಬಂದ ದಿನ ಮಗು ಬಟ್ಟೆಬರೆ ಚೀಲಕ್ಕೆ ತುಂಬಿಕೊಂಡು ಮುಂದಿನ ಮನೆಗೆ ನಡೆಯಲೇಬೇಕು. ಆರು ವರ್ಷದಲ್ಲಿ ಅವಳು ಐದು ಮನೆ ಕಂಡಿದ್ದಳು.

ಒಂಬತ್ತನೆಯ ವಯಸ್ಸಿನಲ್ಲಿ ಅವಳ ಬದುಕಿಗೆ ಒಬ್ಬ ಟೈಲರಮ್ಮ ಬಂದರು. ಬಂಧುವಲ್ಲ, ಬಳಗವಲ್ಲ. ಇಲಾಖೆಯ ಹೆಂಗಸರಿಗೆ ಕೋಟು ಹೊಲಿದುಕೊಡುತ್ತಿದ್ದವರು, ಯಾರೋ ಕೇಳಿದರೆಂದು ಒಂದು ಮಗುವನ್ನು ವಾರಕ್ಕೊಮ್ಮೆ ನೋಡಿಬರಲು ಒಪ್ಪಿಕೊಂಡಿದ್ದರು. ಪ್ರತಿ ಗುರುವಾರ ನಾಲ್ಕು ಗಂಟೆಗೆ ಬಾಗಿಲು ತಟ್ಟುತ್ತಿದ್ದರು. ಸಾಕುಮನೆಗಳ ಬಾಗಿಲ ಚೌಕಟ್ಟಿನ ಮೇಲೆ ಆ ಮನೆಯ ಮಕ್ಕಳ ಎತ್ತರವನ್ನು ಪೆನ್ಸಿಲಿನಲ್ಲಿ ಗುರುತು ಹಾಕಿರುವುದನ್ನು ಹುಡುಗಿ ದಿಟ್ಟಿಸುವುದನ್ನು ಕಂಡ ಅವರು, ಮುಂದಿನ ವಾರ ಚೀಲದಿಂದ ಬಟ್ಟೆಯ ಟೇಪು ತೆಗೆದರು. ಹುಡುಗಿಯನ್ನು ಗೋಡೆಗೆ ನಿಲ್ಲಿಸಿ, ತಲೆಯ ಮೇಲೊಂದು ಪುಸ್ತಕ ಇಟ್ಟು, ಎತ್ತರ ಅಳೆದು, ಟೇಪಿನ ಆ ಜಾಗದಲ್ಲಿ ಕೆಂಪು ದಾರದ ಒಂದೇ ಒಂದು ಹೊಲಿಗೆ ಹಾಕಿ ಗಂಟು ಬಿಗಿದರು.

"ಮನೆ ಯಾರದ್ದಾದ್ರೂ ಆಗ್ಲಿ, ಗೋಡೆ ಯಾರದ್ದಾದ್ರೂ ಆಗ್ಲಿ. ಟೇಪು ನಮ್ಮದು," ಎಂದಿದ್ದರು.

ಇದು ಅವಳು ಊರೂರಿನ ಸಭೆಗಳಲ್ಲಿ ಹೇಳುತ್ತಿದ್ದ ಕತೆ. ಈ ಮಾತಿಗೆ ಕರವಸ್ತ್ರಗಳು ಹೊರಬರುತ್ತಿದ್ದವು. ಅವಳು ಮುಂದುವರಿಸುತ್ತಿದ್ದಳು: "ನಾನು ಟೇಪಿಗಿಂತ ಎತ್ತರ ಬೆಳೆದಾಗ ಅವರು ಇನ್ನೊಂದು ಟೇಪನ್ನು ಸೇರಿಸಿ ಹೊಲಿದರು. ಕೊನೆಯವರೆಗೂ ಬಂದರು. ಒಂದು ಗುರುವಾರವನ್ನೂ ತಪ್ಪಿಸಲಿಲ್ಲ. ಆದ್ದರಿಂದ ಕೇಳುತ್ತೇನೆ: ಒಂದು ಮಗುವಿಗೆ ಒಬ್ಬ ದೊಡ್ಡವರು, ವಾರಕ್ಕೊಂದು ದಿನ, ಹತ್ತು ವರ್ಷ. ಮನೆ ಬದಲಾದರೂ ಮನುಷ್ಯರು ಬದಲಾಗಬಾರದು."

'ಹತ್ತು ವರ್ಷದ ಜೊತೆ' ಎಂಬ ಆ ಯೋಜನೆಗೆ ಊರೂರುಗಳಲ್ಲಿ ಜನ ಹೆಸರು ಕೊಡುತ್ತಿದ್ದರು. ಕತೆಯಲ್ಲಿ ಒಂದೇ ಒಂದು ಸುಳ್ಳಿತ್ತು. ಅದು ಅವಳಿಗೆ ಮಾತ್ರ ಗೊತ್ತಿತ್ತು.

ಅವಳೂ ಒಂದು ಮಗುವಿನ ಜೊತೆಗಾರ್ತಿಯಾಗಿದ್ದಳು. ಒಂಬತ್ತು ವರ್ಷದ, ಎರಡು ಮುಂಗೈ ಸೇರಿಸಿದರೆ ಬೇರೆ ಮಕ್ಕಳ ಒಂದು ಮುಂಗೈಯಾಗುವಷ್ಟು ಸಣ್ಣ ಹುಡುಗಿ. ಸಾಕುತಾಯಿ ಅವಳನ್ನು ಚಿಟಿಕೆ ಎಂದು ಕರೆಯುತ್ತಿದ್ದರು, ಚಿಟಿಕೆ ಉಪ್ಪಿನಷ್ಟಿದ್ದಾಳೆಂದು. ಮೊದಲ ಹತ್ತು ತಿಂಗಳು ಜಿಗಿತಗಾರ್ತಿ ಒಂದು ಗುರುವಾರವೂ ತಪ್ಪಿಸಿರಲಿಲ್ಲ. ಆಮೇಲೆ ಒಂದು ಗುರುವಾರ ಭಾಷಣ. ಮುಂದಿನದು ಸಂದರ್ಶನ. ಅದರ ಮುಂದಿನದು ಮತ್ತೆ ಭಾಷಣ. ಹೀಗೆ ನಾಲ್ಕು ವಾರ ಜಾರಿದವು. ಫೋನು ಮಾಡಬೇಕು, ಮಾಡಬೇಕು ಎನ್ನುವುದರಲ್ಲೇ ದಿನ ಕಳೆಯಿತು.

ಐದನೆಯ ವಾರ, ಮಂಗಳವಾರ ಮಧ್ಯಾಹ್ನ ಎರಡು ತಾಸು ಬಿಡುವಾಯಿತು. ಬಣ್ಣದ ಪೆನ್ಸಿಲಿನ ದೊಡ್ಡ ಡಬ್ಬಿಯೊಂದನ್ನು ಹಿಡಿದು ಹೊರಟಳು. ತಪ್ಪಿತಸ್ಥರು ಯಾವಾಗಲೂ ದೊಡ್ಡ ಡಬ್ಬಿಯನ್ನೇ ಕೊಳ್ಳುತ್ತಾರೆ.

ಸಾಕುಮನೆ ಇದ್ದದ್ದು ಸೈಕಲ್ ರಿಪೇರಿ ಅಂಗಡಿಯ ಮೇಲೆ, ಎರಡನೆಯ ಮಹಡಿಯಲ್ಲಿ. ಅಂಗಡಿಯವನು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದ.

"ಏನು ಪದಕದಮ್ಮ, ಮೆಟ್ಟಿಲು ಹತ್ತಿ ಹೋಗ್ತೀರೋ, ಇಲ್ಲಿಂದಲೇ ಒಂದು ಹಾರು ಹಾರ್ತೀರೋ?"

"ನಿಮ್ಮ ಪಂಪು ಕೊಡಿ, ಕಾಲಿಗೆ ಗಾಳಿ ತುಂಬಿಸ್ಕೊಂಡು ಹಾರ್ತೀನಿ," ಎಂದಳು. ಇದು ಅವರಿಬ್ಬರ ಹಳೆಯ ಹಾಸ್ಯ.

ಬಾಗಿಲು ತೆರೆದದ್ದು ಸಾಕುತಾಯಿ. ಮನೆಗೆ ಬಂದ ಮಕ್ಕಳೆಲ್ಲ ದೊಡ್ಡಮ್ಮ ಎನ್ನುತ್ತಿದ್ದರಿಂದ ದೊಡ್ಡವರೂ ಹಾಗೇ ಕರೆಯುತ್ತಿದ್ದರು. ಸೊಂಟದ ನೋವಿಗೆ ಒಂದು ಕೈ ಗೋಡೆಗೆ ಕೊಟ್ಟೇ ನಡೆಯುವವರು.

"ಅಯ್ಯೋ, ಗುರುವಾರ ತಾನೆ ಬಂದಿದ್ರಿ! ಮಂಗಳವಾರವೂ ಬಂದ್ರಾ? ಒಳ್ಳೇದಾಯ್ತು, ಬನ್ನಿ."

ಚುಚ್ಚಿ ಮಾತಾಡುತ್ತಿದ್ದಾರೆ ಎಂದುಕೊಂಡು ಜಿಗಿತಗಾರ್ತಿ ತಲೆ ತಗ್ಗಿಸಿದಳು. "ಅನ್ನಿ ದೊಡ್ಡಮ್ಮ, ಅನ್ನಿಸ್ಕೊಳ್ಳೋ ಹಾಗೇ ಮಾಡಿದ್ದೀನಿ. ಊರಿಗೆ ಉಪಕಾರಿ, ಮನೆಗೆ ಮಾರಿ."

"ಏನು ಅನ್ನಲಿ? ನಾಲ್ಕು ವಾರದಿಂದ ಮಾತೇ ಆಡಲ್ಲ ನೀವು, ಅಷ್ಟೇ ನನಗೆ ಬೇಜಾರು. ಬರ್ತೀರಿ, ಮಗು ಬಾಗಿಲು ತೆಗೆಯುತ್ತೆ, ಒಳಗೆ ಹೋಗಿ ಕೂತ್ಕೊಳ್ತೀರಿ. ಅಡುಗೆಮನೆಯಿಂದ ನಿಮ್ಮ ಬೆನ್ನು ಕಾಣುತ್ತೆ. ಆ ಬೂದು ಕೋಟು ನಿಮಗೆ ಒಪ್ಪಲ್ಲ ಕಣಮ್ಮ. ಅದರಲ್ಲಿ ಕುಗ್ಗಿದ ಹಾಗೆ ಕಾಣ್ತೀರಿ. ದಣಿದಿದ್ದಾರೆ ಪಾಪ, ಅಂದ್ಕೊಂಡೆ."

"ಬೂದು ಕೋಟು ನನ್ನ ಹತ್ರ ಇಲ್ಲ, ದೊಡ್ಡಮ್ಮ."

"ಇಲ್ದೇ ಏನು? ಟೀನೂ ಕುಡಿಯಲಿಲ್ಲ. ಇಟ್ಟು ಐದು ನಿಮಿಷ ಆಗಿಲ್ಲ, ಲೋಟ ಮುಟ್ಟಿದ್ರೆ ಐಸು. ಮೇಲೆ ಕೆನೆ ಗಟ್ಟಿಯಾಗಿ ಕೂತಿತ್ತು. ನಾಲ್ಕು ವಾರವೂ ಹಾಗೇ." ದೊಡ್ಡಮ್ಮ ಮಾತು ನಿಲ್ಲಿಸಿ ಅವಳ ಮುಖವನ್ನೇ ನೋಡಿದರು. "ಯಾಕೆ, ನೀವು ಬಂದಿಲ್ವಾ?"

ಜಿಗಿತಗಾರ್ತಿ ಒಳಕೋಣೆಯ ಕಡೆಗೆ ತಿರುಗಿದಳು. ಅಷ್ಟರಲ್ಲಿ ದೊಡ್ಡಮ್ಮನೇ ಆ ಮಾತನ್ನು ಬದಿಗೆ ಸರಿಸಿ, ಹೇಳಬೇಕಾದದ್ದನ್ನು ಹೇಳಿದರು. ಸೊಂಟದ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಇಲಾಖೆಯಿಂದ ಕಾಗದ ಬಂದಿತ್ತು. ನಾಡಿದ್ದು ಗುರುವಾರ ಐದು ಗಂಟೆಗೆ ಕಾರು ಬಂದು ಚಿಟಿಕೆಯನ್ನು ಹೊಳೆಯಾಚೆಯ ಹೊಸ ಮನೆಗೆ ಕರೆದೊಯ್ಯುತ್ತದೆ.

ಮೇಜಿನ ಮೇಲೆ ಹೊಸ ಮನೆಯವರಿಗೆಂದು ದೊಡ್ಡಮ್ಮ ಬರೆದಿಟ್ಟ ಚೀಟಿ ಇತ್ತು. 'ಎಡ ಮಗ್ಗುಲಿಗೆ ಮಲಗುತ್ತಾಳೆ. ಹಾಲಿನ ಕೆನೆ ಆಗುವುದಿಲ್ಲ. ಅಂಗಿಯ ಕೊರಳಪಟ್ಟಿ ಕತ್ತರಿಸಿ ತೊಡಿಸಿ, ಚುಚ್ಚುತ್ತದೆ. ಬಾಗಿಲು ಪೂರ್ತಿ ಮುಚ್ಚಬೇಡಿ.' ಕೊನೆಯ ಸಾಲಿನಡಿ ಎರಡು ಗೆರೆ ಎಳೆದಿದ್ದರು.

ಚಿಟಿಕೆ ಒಳಕೋಣೆಯ ಕಿಟಕಿಯ ಬಳಿ ಕೂತಿದ್ದಳು. ಗೋಡೆಯ ಗೂಟಗಳಲ್ಲಿ ಹಿಂದಿನ ಮಕ್ಕಳ ಹೆಸರಿನ ಚೀಟಿಗಳನ್ನು ಕಿತ್ತ ಅಂಟು ಪದರುಪದರಾಗಿ ಉಳಿದಿತ್ತು. ಅವಳ ಹೆಸರಿನ ಚೀಟಿಯೂ ಆಗಲೇ ಅರ್ಧ ಎದ್ದಿತ್ತು. ಯಾರು ಕಿತ್ತದ್ದೋ, ಅವಳೇ ಇರಬೇಕು. ಜಿಗಿತಗಾರ್ತಿ ಕ್ಷಮೆ ಕೇಳಿದಳು. ಹುಡುಗಿ ಕೋಪಿಸಿಕೊಳ್ಳಲಿಲ್ಲ. ಅದೇ ಹೆಚ್ಚು ನೋಯಿಸಿತು.

"ಪರವಾಗಿಲ್ಲ ಅಕ್ಕ. ನೀವು ಬರದ ದಿನ ಅಜ್ಜಿ ಬರ್ತಾರೆ."

"ಯಾವ ಅಜ್ಜಿ?"

"ಬಾಯಲ್ಲಿ ಗುಂಡುಸೂಜಿ ಇಟ್ಕೊಂಡು ಮಾತಾಡ್ತಾರಲ್ಲ, ಆ ಅಜ್ಜಿ. ಅದಕ್ಕೇ ತುಟಿ ಬಿಚ್ಚಲ್ಲ. ಆದ್ರೂ ನನಗೆ ಕೇಳುತ್ತೆ. ಅವರ ಕಣ್ಣು ಮಂಜು, ಸೂಜಿಗೆ ದಾರ ನಾನೇ ಪೋಣಿಸಿ ಕೊಡಬೇಕು." ಹುಡುಗಿ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದಳು. "ಬಂದ ತಕ್ಷಣ ಒಂದೇ ಪ್ರಶ್ನೆ. 'ಮಿಡತೆ ಬರಲಿಲ್ವಾ?' ಅಂತ. ಮಿಡತೆ ಅಂದ್ರೆ ಯಾರು ಅಕ್ಕ?"

ಜಿಗಿತಗಾರ್ತಿಯ ಕೈಯಿಂದ ಪೆನ್ಸಿಲ್ ಡಬ್ಬಿ ಜಾರಿತು. ಪೆನ್ಸಿಲುಗಳು ಮಂಚದಡಿಗೆಲ್ಲ ಉರುಳಿದವು.

ಪತ್ರಿಕೆಯವರು ಅವಳಿಗೆ ನೂರೆಂಟು ಹೆಸರಿಟ್ಟಿದ್ದರು. ಆದರೆ ಮಿಡತೆ ಎಂದು ಕರೆದವರು ಜಗತ್ತಿನಲ್ಲಿ ಒಬ್ಬರೇ. ಉದ್ದ ಕಾಲು ಮಡಿಸಿ ಮೆಟ್ಟಿಲ ಮೇಲೆ ಕೂರುತ್ತಿದ್ದ ಹುಡುಗಿಗೆ ಟೈಲರಮ್ಮ ಇಟ್ಟ ಹೆಸರು ಅದು. ಯಾವ ಭಾಷಣದಲ್ಲೂ ಅವಳು ಅದನ್ನು ಹೇಳಿರಲಿಲ್ಲ. ಸೂಜಿಗೆ ದಾರ ಪೋಣಿಸಿಕೊಡುವುದು ಆಗ ಅವಳ ಕೆಲಸವಾಗಿತ್ತು. ಅದನ್ನೂ ಹೇಳಿರಲಿಲ್ಲ.

ಹುಡುಗಿ ದಿಂಬಿನಡಿಯಿಂದ ಟೇಪು ತೆಗೆದಳು.

ಹಳದಿ ಟೇಪು ಒಂದು, ಬಿಳಿಯದೊಂದು. ಎರಡರ ನಡುವೆ ಹಸಿರು ದಾರದ ದಪ್ಪ ಹೊಲಿಗೆ, ಅವತ್ತು ಮೆಷಿನ್ನಿನಲ್ಲಿ ಇದ್ದದ್ದು ಹಸಿರೇ ಎಂದು. ಮೇಲಿನಿಂದ ಕೆಳಗೆ ಮಾಸಿದ ಕೆಂಪು ಗಂಟುಗಳು, ಒಂಬತ್ತರಿಂದ ಹದಿನೈದರವರೆಗಿನ ಅವಳ ಆರು ವರ್ಷಗಳು. ಇಪ್ಪತ್ತು ವರ್ಷದಿಂದ ಈ ಟೇಪನ್ನು ಅವಳು ನೋಡಿರಲಿಲ್ಲ. ಅದು ಟೈಲರಮ್ಮನ ಬಳಿಯೇ ಉಳಿದಿತ್ತು.

ಕೆಂಪು ಗಂಟುಗಳ ಕೆಳಗೆ, ನಲವತ್ತಾರು ಇಂಚಿನ ಗೆರೆಯ ಮೇಲೆ ಹೊಸ ನೀಲಿ ದಾರ. ಒಂದಲ್ಲ, ನಾಲ್ಕು ಗಂಟು. ಒಂದರ ಮೇಲೊಂದು, ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ.

"ನಾಲ್ಕು ವಾರದಲ್ಲಿ ನಾನು ಸ್ವಲ್ಪವೂ ಬೆಳೆದಿಲ್ಲ," ಎಂದಳು ಹುಡುಗಿ. "ಕಾಯೋ ಮಕ್ಕಳು ಬೆಳೆಯಲ್ವಂತೆ. ಅಜ್ಜಿ ಹೇಳಿದ್ರು."

"ನಾಲ್ಕು ವಾರ ಅಂದ್ರೆ ಎಷ್ಟು ಮಹಾ, ಪುಟ್ಟಾ, ಯಾರಿಗೂ ಗೊತ್ತಾಗೋಷ್ಟು..."

"ಉಗುರೂ ಬೆಳೆದಿಲ್ಲ." ಹುಡುಗಿ ಎರಡೂ ಕೈ ಮುಂದೆ ಚಾಚಿದಳು. ಹಿಂದಿನ ಭೇಟಿಯಲ್ಲಿ ಜಿಗಿತಗಾರ್ತಿಯೇ ಹಚ್ಚಿದ್ದ ಗುಲಾಬಿ ಬಣ್ಣ ಉಗುರಿನ ಬುಡದವರೆಗೂ ನಿನ್ನೆ ಹಚ್ಚಿದಂತಿತ್ತು. ಒಂದು ಬಿಳಿ ಗೆರೆಯೂ ತೋರಿರಲಿಲ್ಲ.

ಜಿಗಿತಗಾರ್ತಿ ಆ ಉಗುರುಗಳ ಮೇಲೆ ಬೆರಳಾಡಿಸಿ ನೋಡಿದಳು.

"ಗುರುವಾರ ಮಿಡತೆ ಬರದಿದ್ರೆ ನನ್ನ ಜೊತೆ ಬಂದ್ಬಿಡು ಅಂದಿದ್ದಾರೆ ಅಜ್ಜಿ," ಹುಡುಗಿ ಪೆನ್ಸಿಲುಗಳನ್ನು ಆರಿಸುತ್ತ ಹೇಳಿದಳು. "ಅವರ ಮನೆಯಲ್ಲಿ ದೊಡ್ಡ ಗೋಡೆ ಇದೆಯಂತೆ. ಅಲ್ಲಿಗೆ ಹೋದವರು ಮತ್ತೆ ಬೇರೆ ಮನೆಗೆ ಹೋಗಬೇಕಾಗೇ ಇಲ್ವಂತೆ."

"ನೀನೇನು ಹೇಳಿದೆ?"

"ಬಟ್ಟೆ ತುಂಬ್ಕೊಳ್ಳಲಾ ಅಂತ ಕೇಳಿದೆ. ಚೀಲ ಬೇಡ ಅಂದ್ರು."

ಆ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ. ಸುಳ್ಳು ಯಾವುದೆಂದು ಈಗ ಹೇಳಿಬಿಡಬೇಕು. ಹದಿನೈದನೆಯ ವಯಸ್ಸಿನಲ್ಲಿ ಅವಳಿಗೆ ಕ್ರೀಡಾ ಹಾಸ್ಟೆಲಿನಲ್ಲಿ ಜಾಗ ಸಿಕ್ಕಿತು. ಅಲ್ಲಿನ ಹುಡುಗಿಯರಿಗೆ ಅಪ್ಪ ಅಮ್ಮ ಇದ್ದರು, ಕಾರುಗಳಿದ್ದವು. ಮೊದಲ ಗುರುವಾರ ನಾಲ್ಕಕ್ಕೆ ಗೇಟಿನ ಬಳಿಯ ಬೆಂಚಿನ ಮೇಲೆ ಬೂದು ಕೋಟಿನ ಟೈಲರಮ್ಮ ಚೀಲ ಹಿಡಿದು ಕೂತಿದ್ದರು. "ಯಾರೇ ಅದು, ನಿಮ್ಮನೆ ಕೆಲಸದವಳಾ?" ಎಂದು ಯಾರೋ ಕೇಳಿದರು. ಮಿಡತೆ ಮೇಲಿನ ಕಿಟಕಿಯಿಂದ ನೋಡಿ, ತಾನು ಅಭ್ಯಾಸಕ್ಕೆ ಹೋಗಿದ್ದೇನೆಂದು ವಾರ್ಡನ್ನಿನ ಬಾಯಲ್ಲಿ ಹೇಳಿಸಿದಳು. ಎರಡನೆಯ ಗುರುವಾರವೂ ಹಾಗೇ. ಮೂರನೆಯದೂ. ಪ್ರತಿ ಸಲ ಅವರು ಐದರವರೆಗೆ ಕೂತು, ಬೆಂಚಿನ ಮೇಲೆ ಬಿದ್ದ ಎಲೆಗಳನ್ನು ಕೈಯಿಂದ ಒರೆಸಿ, ಮುಂದಿನವರಿಗೆ ಚೊಕ್ಕಟ ಮಾಡಿ ಎದ್ದುಹೋಗುತ್ತಿದ್ದರು. ನಾಲ್ಕನೆಯ ಗುರುವಾರ ಬೆಂಚು ಖಾಲಿ ಇತ್ತು. ಆ ಚಳಿಗಾಲದಲ್ಲಿ ಅವರು ತೀರಿಕೊಂಡರೆಂಬ ಸುದ್ದಿ ವರ್ಷದ ಮೇಲೆ ತಿಳಿಯಿತು.

ಬರುವುದನ್ನು ಅವರಾಗಿ ನಿಲ್ಲಿಸಿರಲಿಲ್ಲ. ಬಾಗಿಲನ್ನು ಇವಳು ಹಾಕಿಸಿದ್ದಳು.

ಬುಧವಾರ ಬೆಳಿಗ್ಗೆ ಯೋಜನೆಯ ಕಾರ್ಯದರ್ಶಿಗೆ ಫೋನು ಮಾಡಿದಳು. ಗುರುವಾರ ಮಧ್ಯಾಹ್ನ ಊರಿನ ದೊಡ್ಡ ಸಭಾಂಗಣದಲ್ಲಿ ಸಾವಿರ ಜನ 'ಹತ್ತು ವರ್ಷದ ಜೊತೆ'ಗೆ ಸಹಿ ಹಾಕುವವರಿದ್ದರು. ಬರಲಾಗುವುದಿಲ್ಲ ಎಂದಳು.

"ಮೇಡಂ, ನನ್ನ ಹೊಟ್ಟೆಗೆ ಹೊಡೀಬೇಡಿ," ಎಂದ ಆತ. ಸದಾ ಪೆಪ್ಪರಮಿಂಟು ಚೀಪುವ, ಒಳ್ಳೆಯ ಮನಸ್ಸಿನ, ಆದರೆ ಉಸಿರಾಡಲೂ ಪುರುಸೊತ್ತಿಲ್ಲದ ಮನುಷ್ಯ. "ಜನ ಬರೋದು ನಿಮ್ಮ ಮುಖ ನೋಡಿ. ಸಾವಿರ ಮಕ್ಕಳಿಗೋಸ್ಕರ ನಿಮ್ಮ ಒಂದು ಮಗು ಒಂದು ಗಂಟೆ ಕಾಯಲ್ವಾ? ಮೂರಕ್ಕೆ ಶುರು, ಮೂರೂಕಾಲಿಗೆ ನಿಮ್ಮ ಮಾತು, ಮೂರೂವರೆಗೆ ನಿಮ್ಮನ್ನ ಹೂವಿನ ಹಾಗೆ ಕಾರಲ್ಲಿ ಕೂರಿಸಿ ಕಳಿಸ್ತೀನಿ. ಸಾಕಾ?"

ಅವಳು ಒಪ್ಪಿದಳು. ಅದೇ ಅವಳು ಮಾಡಿದ ತಪ್ಪು. ಸಭೆ ಹೇಳಿದ ಹೊತ್ತಿಗೆ ಶುರುವಾದದ್ದನ್ನು ಯಾರಾದರೂ ಎಲ್ಲಾದರೂ ಕಂಡಿದ್ದಾರೆಯೇ?

ಗುರುವಾರ ಮೈಕಿನವರು ಮೈಕು ಸರಿಮಾಡುವುದರಲ್ಲೇ ಮೂರೂಕಾಲಾಯಿತು. ಸ್ವಾಗತ ಭಾಷಣದವರು ಕೈಗೆ ಸಿಕ್ಕ ಮೈಕನ್ನು ಬಿಡಲೊಲ್ಲರು. ಅವಳು ಎದ್ದು ನಿಂತಾಗ ಮೂರೂವರೆ ದಾಟಿತ್ತು. ಬಾಯಿಪಾಠವಾಗಿದ್ದ ಕತೆಯನ್ನು ಓಡಿಸಿಕೊಂಡು ಹೋದಳು. ಟೇಪು ಬಂತು, ಕೆಂಪು ದಾರ ಬಂತು, ಕರವಸ್ತ್ರಗಳು ಹೊರಬಂದವು.

"ಕೊನೆಯವರೆಗೂ ಬಂದರು," ಎಂದಳು.

ಆಗ ಕಂಡರು. ಮೂರನೆಯ ಸಾಲಿನ ಕೊನೆಯ ಕುರ್ಚಿಯಲ್ಲಿ ಬೂದು ಕೋಟಿನ ಸಣ್ಣ ಹೆಂಗಸು. ತೊಡೆಯ ಮೇಲೆ ಚೀಲ. ಬಾಯಲ್ಲಿ ಏನನ್ನೋ ಇಟ್ಟುಕೊಂಡವರಂತೆ ತುಟಿ ಬಿಗಿಹಿಡಿದಿದ್ದರು. ಸುತ್ತಲಿನವರು ಕಣ್ಣೊರೆಸಿಕೊಳ್ಳುತ್ತಿರುವಾಗ ಅವರೊಬ್ಬರು ಮಾತ್ರ ತಲೆಯನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ಆಡಿಸಿದರು. ಹೊಲಿಗೆ ತಪ್ಪಿದಾಗ ಹಾಗೆ ಮಾಡುತ್ತಿದ್ದರು. 'ತಪ್ಪು ಹೊಲಿಗೆ ಮೇಲೆ ಇಸ್ತ್ರಿ ಹಾಕಿ ಮುಚ್ಚಬಾರದು ಮಿಡತೆ. ಬಿಚ್ಚಬೇಕು.'

ಆಮೇಲೆ ಅವರು ಗೋಡೆಯ ಗಡಿಯಾರ ನೋಡಿದರು. ಎದ್ದರು. ಕುರ್ಚಿಯ ಮೇಲಿಲ್ಲದ ಎಲೆಗಳನ್ನು ಅಂಗೈಯಿಂದ ಒರೆಸಿದರು. ನಡುದಾರಿಯಲ್ಲಿ ಬಾಗಿಲ ಕಡೆಗೆ ನಡೆದರು. ಪಕ್ಕದಲ್ಲಿ ಹಾದುಹೋದಂತೆ ಆಯಾ ಸಾಲಿನ ಜನ ಸೆರಗನ್ನೂ ಶಾಲನ್ನೂ ಬಿಗಿಯಾಗಿ ಹೊದ್ದುಕೊಂಡರು, ಯಾಕೆಂದು ತಿಳಿಯದೆ.

ಅವರು ಎಲ್ಲಿಗೆ ಹೊರಟರೆಂದು ಅವಳಿಗೆ ಗೊತ್ತಿತ್ತು.

"ನಾನು ಸುಳ್ಳು ಹೇಳಿದೆ," ಎಂದಳು ಮೈಕಿನಲ್ಲಿ. ಕರವಸ್ತ್ರಗಳು ಕೆಳಗಿಳಿದವು. "ಅವರು ಬಂದರು. ನಾನೇ ಅವರನ್ನು ಗೇಟಿನಲ್ಲಿ ಕೂರಿಸಿ, ನಾನಿಲ್ಲ ಅಂತ ಹೇಳಿಸಿದೆ. ನಾಚಿಕೆಯಾಯಿತು ನನಗೆ, ಅವರ ಕೋಟು ನೋಡಿ. ಈಗ ನನ್ನ ಪಾಲಿನ ಮಗುವನ್ನು ನಾಲ್ಕು ಗುರುವಾರ ಕಾಯಿಸಿದ್ದೇನೆ, ನಿಮಗೆಲ್ಲ ಭಾಷಣ ಮಾಡಿಕೊಂಡು. ಇದು ಸುಲಭ ಅಂತ ಸಹಿ ಹಾಕಬೇಡಿ. ಪ್ರತಿ ವಾರ ಹೋಗಬಲ್ಲವರು ಮಾತ್ರ ಹಾಕಿ. ನಾನು ಹೋಗಬೇಕು."

"ಮೇಡಂ!" ಕಾರ್ಯದರ್ಶಿಯ ಬಾಯಿಂದ ಪೆಪ್ಪರಮಿಂಟು ಉದುರಿತು.

ಹೊರಗೆ ಕಾರು ಸಿದ್ಧವಿತ್ತು, ರಸ್ತೆ ಸಿದ್ಧವಿರಲಿಲ್ಲ. ಎರಡು ತಿರುವು ದಾಟುವುದರಲ್ಲಿ ವಾಹನಗಳು ಬಾಲಕ್ಕೆ ಬಾಲ ಕಚ್ಚಿ ನಿಂತವು. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಅವಳು ಇಳಿದು, ಸಭೆಗೆಂದು ಹಾಕಿದ್ದ ಎತ್ತರ ಹಿಮ್ಮಡಿಯ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಓಡಿದಳು. ಎತ್ತರಕ್ಕೆ ಹಾರುವವರು ದೂರ ಓಡುವುದನ್ನು ರೂಢಿ ಮಾಡಿರುವುದಿಲ್ಲ. ಹತ್ತು ಹೆಜ್ಜೆ ಓಡಿ ಚಿಮ್ಮುವುದು ಅವರ ಕಸುಬು. ಬ್ಯಾಂಕಿನ ಮೂಲೆಗೆ ಬರುವಷ್ಟರಲ್ಲೇ ಎದೆ ಕಮ್ಮಾರನ ತಿದಿಯಾಯಿತು.

ಬೂದು ಕೋಟು ಯಾವಾಗಲೂ ಒಂದು ತಿರುವು ಮುಂದಿತ್ತು. ಟೈಲರಮ್ಮ ಓಡುತ್ತಿರಲಿಲ್ಲ. ತರಕಾರಿಗೆ ಹೊರಟವರ ಹಾಗೆ, ಚೀಲ ತೂಗಿಕೊಂಡು, ರಸ್ತೆ ದಾಟುವಲ್ಲಿ ಎರಡೂ ಕಡೆ ನೋಡಿ ನಡೆಯುತ್ತಿದ್ದರು. ಅವಳು ತಿರುವಿಗೆ ತಲುಪಿದರೆ ಅವರು ಮುಂದಿನ ತಿರುವಿನಲ್ಲಿ. ಕರೆಯಬೇಕೆಂದರೆ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು.

ಸೈಕಲ್ ಅಂಗಡಿಯವನು ಚಕ್ರ ತಿರುಗಿಸುತ್ತ ತಲೆ ಎತ್ತಿದ. ಈ ಸಲ ತಮಾಷೆ ಮಾಡಲಿಲ್ಲ. ಬರಿಗಾಲಿನಲ್ಲಿ ರಕ್ತ ನೋಡಿ ಕೈಲಿದ್ದ ಚಿಂದಿಬಟ್ಟೆ ಚಾಚಿದ.

"ಏನಮ್ಮ ಇದು? ನಿಮ್ಮ ಅಜ್ಜಿ ಈಗಷ್ಟೇ ಮೇಲೆ ಹೋದ್ರು. ಕೈ ಹಿಡೀಲಾ ಅಂತ ಕೇಳಿದೆ, ಮಾತಾಡ್ಲಿಲ್ಲ. ಎಂಥ ಚಳಿ ಬಂತು ನೋಡಿ ಇದ್ದಕ್ಕಿದ್ದ ಹಾಗೆ."

ಅವಳು ಮೆಟ್ಟಿಲುಗಳನ್ನು ನಾಲ್ಕುನಾಲ್ಕಾಗಿ ಹಾರಿದಳು. ಕಾಲುಗಳಿಗೆ ಕೊನೆಗೂ ತಮ್ಮ ಕೆಲಸ ಸಿಕ್ಕಿತ್ತು.

ಬಾಗಿಲು ತೆರೆದಿತ್ತು. ಅಡುಗೆಮನೆಯಲ್ಲಿ ದೊಡ್ಡಮ್ಮ ಟೀ ಸೋಸುವ ಸದ್ದು. ಒಳಕೋಣೆಯ ಗೂಟ ಖಾಲಿ. ಕಟ್ಟಿದ ಚೀಲ ಮಂಚದ ಮೇಲೆ ಕೂತಿತ್ತು. ಚಿಟಿಕೆ ಬರಿಗಾಲಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು, ತಲೆಯ ಮೇಲೆ ಪುಸ್ತಕ, ಕಣ್ಣು ಮುಚ್ಚಿ. ಬಲಗೈ ಗಾಳಿಯಲ್ಲಿ ಅರ್ಧ ಎದ್ದಿತ್ತು, ಬೆರಳುಗಳು ಯಾರದೋ ಕೈಯನ್ನು ಹಿಡಿದಂತೆ ಮಡಿಚಿಕೊಂಡಿದ್ದವು. ಆ ಬೆರಳುಗಳು ಬೆಳ್ಳಗಿದ್ದವು. ಬಿಳುಪು ಮಣಿಕಟ್ಟಿನಿಂದ ಮೊಣಕೈಯ ಕಡೆಗೆ ಮೆಲ್ಲಮೆಲ್ಲನೆ ಏರುತ್ತಿತ್ತು.

ಎದುರಿನ ಕುರ್ಚಿ ಖಾಲಿಯಾಗಿತ್ತು. ಆದರೆ ಅದರ ಮೆತ್ತೆ ಯಾರೋ ಕೂತಂತೆ ಕುಳಿಬಿದ್ದಿತ್ತು.

ಜಿಗಿತಗಾರ್ತಿ ಕುರ್ಚಿಯ ಮುಂದೆ ಮೊಣಕಾಲೂರಿದಳು. ಎತ್ತರದ ಹೆಂಗಸು, ಮೊಣಕಾಲೂರಿದರೂ ಕೂತವರ ಕಣ್ಣಿಗೆ ಕಣ್ಣು ಸರಿಯಾಗುತ್ತಿತ್ತು, ಅಲ್ಲಿ ಕಣ್ಣಿದ್ದಿದ್ದರೆ.

"ಟೈಲರಮ್ಮ, ಬಂದೆ. ತಡವಾಯ್ತು. ಬೈಯಿರಿ ನನ್ನ." ಉಸಿರು ಕೂಡುತ್ತಿರಲಿಲ್ಲ. "ಆವತ್ತು ನಾನು ಅಭ್ಯಾಸಕ್ಕೆ ಹೋಗಿರಲಿಲ್ಲ. ಮೇಲಿನ ಕಿಟಕಿಯಲ್ಲೇ ಇದ್ದೆ. ಮೂರು ವಾರವೂ ಇದ್ದೆ. ನೀವು ಎಲೆ ಒರೆಸಿದ್ದನ್ನೂ ನೋಡಿದೆ."

ಅವಳು ಚಿಟಿಕೆಯ ಕಡೆ ಕೈ ತೋರಿಸಿದಳು.

"ಇವಳನ್ನ ಕರ್ಕೊಂಡು ಹೋಗಬೇಡಿ. ಗೋಡೆ ಇಲ್ದಿದ್ರೂ ಬೆಳೀತಾಳೆ, ನಾನು ಬೆಳೆಯಲಿಲ್ವಾ? ನೀವು ಬಂದ್ರಿ, ನಾನು ಬೆಳೆದೆ. ನಾನು ಬರ್ತೀನಿ. ಹತ್ತು ವರ್ಷ ಅಂತ ಭಾಷಣದ ಲೆಕ್ಕ ಹೇಳಲ್ಲ. ಮುಂದಿನ ಗುರುವಾರ ಬರ್ತೀನಿ. ಅದರ ಮುಂದಿನ ಗುರುವಾರವೂ."

ಕೆಳಗೆ ಚಕ್ರ ತಿರುಗುವ ಸದ್ದು ಮಾತ್ರ. ಆಮೇಲೆ ನೆಲದ ಮೇಲೆ ಟಿಣ್ಣೆಂದು ಒಂದು ಗುಂಡುಸೂಜಿ ಬಿತ್ತು. ಇನ್ನೊಂದು. ಮತ್ತೊಂದು. ಮಾತಾಡಬೇಕೆಂದಾಗ ಟೈಲರಮ್ಮ ಹಾಗೆ ಒಂದೊಂದಾಗಿ ಸೂಜಿಗಳನ್ನು ಬಾಯಿಂದ ತೆಗೆಯುತ್ತಿದ್ದರು.

ಚಿಟಿಕೆಯ ಬೆರಳುಗಳು ಸಡಿಲಾದವು. ಕೈ ಕೆಳಗಿಳಿಯಿತು. ಅವಳು ಕಣ್ಣು ತೆರೆದಳು, ಪುಸ್ತಕ ಬೀಳದಂತೆ ಕತ್ತು ನೆಟ್ಟಗೆ ಹಿಡಿದೇ.

"ಅಕ್ಕ, ಅಳತೆ ನೀವೇ ತಗೋಬೇಕಂತೆ."

ಟೇಪು ಕುರ್ಚಿಯ ಕೈಮೇಲೆ ಸುರುಳಿ ಸುತ್ತಿ ಇತ್ತು. ಜಿಗಿತಗಾರ್ತಿ ಅದನ್ನು ಪುಸ್ತಕದಿಂದ ನೆಲದವರೆಗೆ ಹಿಡಿದಳು. ನೀಲಿ ಗಂಟುಗಳ ಮೇಲೆ ಬೆರಳಿಟ್ಟು ನೋಡಿದಳು. ಮತ್ತೊಮ್ಮೆ ನೋಡಿದಳು.

"ನಲವತ್ತಾರು," ಎಂದಳು. "ಮತ್ತೆ ಒಂದು ದಾರದಷ್ಟು."

"ಒಂದು ದಾರದಷ್ಟಾ?" ಹುಡುಗಿಯ ಮುಖ ಅರಳಿತು. "ಈಗಲೇ ಬೆಳೆದೆನಾ?"

"ಈಗಲೇ."

ನೀಲಿ ದಾರ ಪೋಣಿಸಿದ್ದ ಸೂಜಿಯೂ ಕುರ್ಚಿಯ ಕೈಗೆ ಚುಚ್ಚಿಕೊಂಡಿತ್ತು, ಪಕ್ಕದಲ್ಲೇ ದಾರದ ಉಂಡೆ. ಅವಳು ಒಂದು ಹೊಲಿಗೆ ಹಾಕಿದಳು, ಸೊಟ್ಟಗೆ. ಬೆರಳಿಗೆ ಚುಚ್ಚಿಕೊಂಡು, ಗಂಟು ಬಿಗಿದು, ದಾರವನ್ನು ಹಲ್ಲಿನಿಂದ ಕಡಿದಳು. ತಿರುಗಿ ನೋಡಿದಾಗ ಮೆತ್ತೆಯ ಕುಳಿ ನಿಧಾನವಾಗಿ ಏಳುತ್ತಿತ್ತು, ಯಾರೋ ಹಿರಿಯರು ಮಂಡಿಗೆ ಕೈಕೊಟ್ಟು ಎದ್ದ ಹಾಗೆ.

ದೊಡ್ಡಮ್ಮ ಟೀ ತಂದರು. ಇಬ್ಬರನ್ನೂ ಅವಳ ಪಾದಗಳನ್ನೂ ನೋಡಿ ಏನೂ ಕೇಳದೆ ಬಿಸಿನೀರಿನ ಬೋಗುಣಿ ತರಲು ಹೋದರು. ಟೀ ಐದು ನಿಮಿಷದ ಮೇಲೂ ನಾಲಿಗೆ ಸುಡುತ್ತಿತ್ತು.

ಐದಕ್ಕೆ ಕಾರು ಬಂತು. ಸೈಕಲ್ ಅಂಗಡಿಯವನು ಚೀಲ ಹೊತ್ತು ಇಳಿಸಿ, ಹುಡುಗಿಯ ಕೈಗೆ ಹೊಸ ಸೈಕಲ್ ಗಂಟೆಯೊಂದನ್ನು ತುರುಕಿದ. "ಸೈಕಲ್ ಆಮೇಲೆ ತಗೋ, ಗಂಟೆ ಮೊದಲು ಇರಲಿ. ಬರ್ತಿದ್ದೀನಿ ಅಂತ ಜನಕ್ಕೆ ಗೊತ್ತಾಗಲಿ." ದೊಡ್ಡಮ್ಮ ಮಹಡಿಯ ಕಿಟಕಿಯಿಂದ ಕೈಯಾಡಿಸಿದರು. ಜಿಗಿತಗಾರ್ತಿ ಹಿಂದಿನ ಸೀಟಿನಲ್ಲಿ ಹುಡುಗಿಯ ಪಕ್ಕ ಕೂತಳು, ಕಾಲಿಗೆ ಬಟ್ಟೆ ಸುತ್ತಿಕೊಂಡು, ದೊಡ್ಡಮ್ಮನ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು. ಮನೆ ಬದಲಾಗುವ ದಿನ ತನ್ನ ಪಕ್ಕದಲ್ಲೂ ಹೀಗೇ ಒಬ್ಬರು ಕೂತಿರುತ್ತಿದ್ದುದು ನೆನಪಾಯಿತು. ಅದನ್ನೂ ಅವಳು ಯಾವ ಸಭೆಯಲ್ಲೂ ಹೇಳಿರಲಿಲ್ಲ.

ಮರುದಿನ ಕಾರ್ಯದರ್ಶಿ ಫೋನು ಮಾಡಿದ. "ಸಾವಿರದಲ್ಲಿ ಇನ್ನೂರ ಹನ್ನೊಂದು ಜನ ಸಹಿ ಹಾಕಿದ್ರು. ಉಳಿದವರನ್ನ ನೀವು ಹೆದರಿಸಿ ಓಡಿಸಿಬಿಟ್ರಿ," ಎಂದು ಗೊಣಗಿದ. ಒಂದಿಷ್ಟು ಹೊತ್ತು ಪೆಪ್ಪರಮಿಂಟು ಚೀಪಿದ. "ಇರಲಿ ಬಿಡಿ. ಈ ಇನ್ನೂರ ಹನ್ನೊಂದು ಜನ ಬರ್ತಾರೆ ಅನ್ಸುತ್ತೆ. ಮುಂದಿನ ಸಭೆ ಯಾವತ್ತು ಇಡಲಿ?"

"ಯಾವತ್ತಾದ್ರೂ ಇಡಿ," ಎಂದಳು. "ಗುರುವಾರ ಬಿಟ್ಟು."

ಹೊಳೆಯಾಚೆಯ ಮನೆಯವರು ಒಳ್ಳೆಯವರು. ಬಾಗಿಲನ್ನು ಪೂರ್ತಿ ಮುಚ್ಚುವುದಿಲ್ಲ. ಅವಳು ಪ್ರತಿ ಗುರುವಾರ ನಾಲ್ಕಕ್ಕೆ ಹೋಗುತ್ತಾಳೆ. ಚಿಟಿಕೆ ಈಗ ನಲವತ್ತೇಳೂವರೆ ಇಂಚು. ಉಗುರು ಕತ್ತರಿಸಿ ಕತ್ತರಿಸಿ ಸಾಕಾಗಿದೆ ಎಂದು ಆ ಮನೆಯ ತಾಯಿ ನಗುತ್ತಾರೆ. "ಅಜ್ಜಿ ಈಗ ಬರಲ್ವಾ ಅಕ್ಕ?" ಎಂದು ಹುಡುಗಿ ಒಮ್ಮೆ ಕೇಳಿದಳು. "ನಾನು ಬರದಿದ್ರೆ ಬರ್ತಾರೆ," ಎಂದಳು ಜಿಗಿತಗಾರ್ತಿ. ಹುಡುಗಿ ಅರ್ಥವಾದವಳಂತೆ ತಲೆಯಾಡಿಸಿದಳು.

ಟೇಪು, ಸೂಜಿ, ನೀಲಿ ದಾರದ ಉಂಡೆ, ಮೂರೂ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಜಿಗಿತಗಾರ್ತಿಯ ಮನೆಯ ಕಪಾಟಿನಲ್ಲಿವೆ. ಅವಳು ಒಬ್ಬಳೇ ಇರುವ ಮನೆ. ಕಪಾಟಿನ ಬೀಗದ ಕೈ ಅವಳ ಕೊರಳಲ್ಲೇ ಇರುತ್ತದೆ. ಹೊಲಿಗೆ ಹಾಕಿದ ಮೇಲೆ ಪ್ರತಿ ಸಲ ಸೂಜಿಯಿಂದ ದಾರ ತೆಗೆದು, ಬರಿ ಸೂಜಿಯನ್ನು ಒಳಗಿಡುತ್ತಾಳೆ.

ಮುಂದಿನ ಗುರುವಾರ ಡಬ್ಬಿ ತೆರೆದಾಗ ಸೂಜಿಗೆ ದಾರ ಪೋಣಿಸಿರುತ್ತದೆ.